ಕೊನೆಯ ಔಟ್ ಆದಮೇಲೆ

ವಿಲ್ಮರ್ ಸತ್ತಾಗ ಪತ್ರಿಕೆಯಲ್ಲಿ ಆರು ಸಾಲು ಹಾಕಿದರು. ಹುಟ್ಟಿದ್ದು, ನನ್ನನ್ನು ಕಟ್ಟಿಕೊಂಡದ್ದು, ಒಬ್ಬಳು ಮಗಳು, ಹಾಲಿನ ದನ ಸಾಕಿದ್ದು, ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿದದ್ದು, ಸತ್ತದ್ದು. ಎಲ್ಲ ನಿಜವೇ. ಆದರೆ ಹೆಸರು ಬದಲಾಯಿಸಿದರೆ ಅದು ನಮ್ಮ ಡಾಜ್ ಕೌಂಟಿಯ ಯಾವ ಗಂಡಸಿಗೆ ಬೇಕಾದರೂ ಹೊಂದುತ್ತದೆ. ಅದಕ್ಕೇ ನಾನು ಕೂತು ಬರೆಯುತ್ತಿದ್ದೇನೆ. ನಾನು ಓದಿದ್ದು ಎಂಟನೇ ಕ್ಲಾಸು. ತಪ್ಪಿದ್ದರೆ ಇರಲಿ.

ವಿಲ್ಮರ್ ಕ್ಲೂಗ್ ಬೇಸ್‌ಬಾಲ್ ಹುಚ್ಚಿನವನು. ಆದರೆ ಸ್ಟೇಡಿಯಂನಲ್ಲಿ ಕೂತು ಒಂದೇ ಒಂದು ಆಟವನ್ನೂ ಕೊನೆತನಕ ನೋಡಿದವನಲ್ಲ. ಅದಕ್ಕೆ ಕಾರಣ ದನ. ದಿನಕ್ಕೆರಡು ಸಲ ಕರೆಯಲೇಬೇಕು, ಬೆಳಗಿನ ಜಾವ ಒಂದು ಸಲ, ಸಂಜೆ ಒಂದು ಸಲ. ಹಬ್ಬವಿರಲಿ, ಮನೆಯಲ್ಲಿ ಹೆಣವಿರಲಿ, ತುಂಬಿದ ಕೆಚ್ಚಲು ಕಾಯುವುದಿಲ್ಲ. ನಮ್ಮ ಮದುವೆಯ ದಿನ ಊಟದ ಮಧ್ಯೆ ಎದ್ದು ಸೂಟು ಬಿಚ್ಚಿ ರಬ್ಬರ್ ಬೂಟು ಹಾಕಿಕೊಂಡು ಕೊಟ್ಟಿಗೆಗೆ ಹೋದ. ನಾನೂ ಎದ್ದು ಹೋದೆ. ಮದುಮಗಳು ಸಗಣಿ ತುಳಿದಳು ಅಂತ ಅವನಮ್ಮ ಸಂತೋಷಪಟ್ಟಳು.

ವರ್ಷಕ್ಕೊಂದು ಭಾನುವಾರ ಮಿಲ್ವಾಕಿಗೆ ಹೋಗುತ್ತಿದ್ದೆವು. ಬೆಳಗಿನ ಹಾಲು ಕರೆದು, ಕೈಕಾಲು ತೊಳೆದು, ಒಂದು ಗಂಟೆಯ ದಾರಿ. ಆಟ ಶುರುವಾಗುವುದು ಮಧ್ಯಾಹ್ನ. ಒಂಬತ್ತು ಇನ್ನಿಂಗ್ಸ್‌ನಲ್ಲಿ ಆರು ಮುಗಿಯುವ ಹೊತ್ತಿಗೆ ನಾವು ಏಳಬೇಕು. ಮೊದಮೊದಲು ಗಡಿಯಾರ ನೋಡುತ್ತಿದ್ದ. ಆಮೇಲೆ ಆರನೇ ಇನ್ನಿಂಗ್ಸ್‌ನಲ್ಲಿ ಜನರ ಮೋಜಿಗೆ ಸಾಸೇಜ್ ಎಂಬ ಮಾಂಸದ ತಿಂಡಿಯ ವೇಷ ಹಾಕಿದವರನ್ನು ಮೈದಾನದ ಅಂಚಿನಲ್ಲಿ ಪಂದ್ಯ ಕಟ್ಟಿ ಓಡಿಸುವುದು ಶುರುವಾಯಿತು. ಗಡಿಯಾರ ಬೇಕಾಗಲಿಲ್ಲ. ಸಾಸೇಜ್ ಓಡಿದರೆ ನಾವೂ ಓಡಬೇಕು.

"ಏಳೇ ಆರ್ಡಿಸ್, ಸಾಸೇಜ್ ಓಡಿದ್ವು," ಎನ್ನುತ್ತಿದ್ದ. ಊರೆಲ್ಲ ಆ ಮಾತು ಕಲಿಯಿತು. ನಮ್ಮಲ್ಲಿ ಯಾರಾದರೂ ಕೂಟದಿಂದ ಎದ್ದು ಹೊರಟರೆ ಇವತ್ತಿಗೂ ಹಾಗೇ ಹೇಳುತ್ತಾರೆ.

ಮಿಕ್ಕ ಮೂರು ಇನ್ನಿಂಗ್ಸ್ ಕೊಟ್ಟಿಗೆಯ ರೇಡಿಯೋದಲ್ಲಿ. ಕಂಬಕ್ಕೆ ತಂತಿ ಸುತ್ತಿ ಕಟ್ಟಿದ್ದ ರೇಡಿಯೋ, ಮೇಲೆ ನೊಣದ ಹಿಕ್ಕೆ. ದನಗಳಿಗೂ ಕಾಮೆಂಟರಿ ಒಗ್ಗಿಹೋಗಿತ್ತು. ಆ ದನಿ ಕೇಳಿದರೆ ಹಾಲಿಳಿಸುತ್ತಿದ್ದವು. ಚಳಿಗಾಲದಲ್ಲಿ ಆಟವಿಲ್ಲದಾಗ ಹಾಲು ಕಮ್ಮಿಯಾಗುತ್ತದೆ ಅಂತ ವಿಲ್ಮರ್ ವಾದ ಮಾಡುತ್ತಿದ್ದ. "ಚಳಿಗೆ ಕಣೋ," ಅಂದರೆ ಕೇಳುತ್ತಿರಲಿಲ್ಲ.

ಅವನಿಗೆ ಒಂದೇ ಕೊರಗು. "ಕೊನೇ ಔಟ್ ಆಯ್ತು ಅಂತಾನೆ, ಅಷ್ಟರಲ್ಲಿ ಟ್ರ್ಯಾಕ್ಟರ್ ಜಾಹೀರಾತು ಹಾಕಿಬಿಡ್ತಾನೆ. ಆಮೇಲೆ ಅವರೆಲ್ಲ ಏನ್ ಮಾಡ್ತಾರೆ ಅಲ್ಲಿ? ಸೋತೋರು ಟೋಪಿ ತೆಗೀತಾರಾ? ಕೂತು ಅಳ್ತಾರಾ? ಸುಮ್ನೆ ಮನೆಗೆ ಹೋಗ್ತಾರಾ?"

"ಟೀವಿ ನೋಡು."

"ಟೀವಿಯವನೂ ಜಾಹೀರಾತೇ ಹಾಕೋದು. ನಾನು ಕಣ್ಣಾರೆ ನೋಡ್ಬೇಕು."

ಮರೆವಿನ ಕಾಯಿಲೆ ಬಂದದ್ದು ಕೊಟ್ಟಿಗೆಯಲ್ಲೇ ಗೊತ್ತಾಯಿತು. ಪರ್ಲ್ ಎಂಬ ಹಸುವನ್ನು ಒಂದೇ ಹೊತ್ತಿನಲ್ಲಿ ಎರಡು ಸಲ ಕರೆದ. ಪಕ್ಕದ್ದನ್ನು ಕರೆಯಲೇ ಇಲ್ಲ. ಅದು ರಾತ್ರಿಯೆಲ್ಲ ಕೂಗಿತು. ಆಮೇಲೊಂದು ದಿನ ಔಷಧಿ ಕೊಟ್ಟ ಹಸುವಿನ ಹಾಲನ್ನು ದೊಡ್ಡ ಟ್ಯಾಂಕಿಗೆ ಬಿಟ್ಟ. ಅಂಥದ್ದು ಬೆರೆತ ಹಾಲು ಮಾರುವ ಹಾಗಿಲ್ಲ, ಟ್ಯಾಂಕಿನ ಹಾಲೆಲ್ಲ ಮೋರಿಗೆ ಹೋಯಿತು. ಬಿಳಿ ನೀರು ಹರಿಯುವುದನ್ನು ನೋಡುತ್ತ ನಿಂತವನು, "ಯಾವ ಕತ್ತೆ ಮಾಡಿದ್ದು ಇದನ್ನ?" ಅಂತ ನನ್ನನ್ನೇ ಕೇಳಿದ.

ದನಗಳನ್ನು ಪಕ್ಕದ ಡೆಲ್ಬರ್ಟ್‌ಗೆ ಮಾರಿದೆವು. ಡೆಲ್ಬರ್ಟ್ ಒಳ್ಳೆಯವನು, ಬೇಲಿಯಾಚೆಯೇ ಇರುವವನು. ಅವುಗಳ ಕೂಗು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಅದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಗೊತ್ತಿಲ್ಲ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಅವರನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗೋದಿದ್ರೆ ಈ ಬೇಸಿಗೇಲೇ ಹೋಗಿ ಅಮ್ಮಾ. ಮುಂದಿನ ಬೇಸಿಗೆಗೆ ಹೋದ್ರೂ ಅವರಿಗೆ ಹೋದ ಹಾಗಾಗಲ್ಲ," ಅಂದರು.

ತಲೆ ನೆಟ್ಟಗಿದ್ದ ಒಂದು ಬೆಳಿಗ್ಗೆ ಕೇಳಿದೆ. "ಎಲ್ಲಿಗೆ ಹೋಗ್ಬೇಕು ನಿನಗೆ?"

ಕಾಫಿ ಕುಡಿದು ಮುಗಿಸಿ ಹೇಳಿದ: "ಆಟದ ಕೊನೆಗೆ."

ಡೆಲ್ಬರ್ಟನ ಮಾವನದ್ದೊಂದು ಹಳೇ ಆರ್‌ವಿ ಇತ್ತು. ಒಲೆ, ಹಾಸಿಗೆ, ಕಕ್ಕಸು ಎಲ್ಲ ಒಳಗೇ ಇರುವ ದೊಡ್ಡ ಗಾಡಿ. ವಿಲ್ಮರ್ ಓಡಿಸುವ ಹಾಗಿರಲಿಲ್ಲ, ನಾನೇ ಓಡಿಸಿದೆ. ಟ್ರ್ಯಾಕ್ಟರ್ ಹಿಂದೆ ಹುಲ್ಲಿನ ಬಂಡಿ ಎಳೆದವಳಿಗೆ ಅದೇನು ಮಹಾ. ಮಗಳು ರಾಕ್ಸಾನ್ ಫೋನಿನಲ್ಲಿ ಕೂಗಾಡಿದಳು. "ಅಮ್ಮಾ, ನಿನಗೂ ತಲೆ ಕೆಟ್ಟಿದೆಯಾ? ಅಪ್ಪ ಮಧ್ಯದಾರೀಲಿ ಇಳಿದು ಹೋದ್ರೆ?" ನಾನು ಪರ್ಲ್‌ಳ ಕೊರಳಲ್ಲಿದ್ದ ಗಂಟೆಯನ್ನು ಗಾಡಿಯ ಬಾಗಿಲಿಗೆ ಕಟ್ಟಿದೆ. ತೆಗೆದರೆ ನನಗೆ ಕೇಳಿಸಬೇಕು.

ಮಿಶಿಗನ್ ಸರೋವರವನ್ನು ಸುತ್ತು ಹಾಕಿ ಕೊನೆಗೆ ಮಿಲ್ವಾಕಿಗೆ ಬರುವುದು ಅಂತ ನಮ್ಮ ಲೆಕ್ಕ. ಉತ್ತರದ ತುದಿಯಲ್ಲಿ ಮೀನು ತಿಂದೆವು, ಆಚೆ ದಡದಲ್ಲಿ ಚೆರ್ರಿ ತಿಂದೆವು. ನೀರಿನ ಮುಂದೆ ನಿಂತು ಅವನು, "ಇದು ಯಾರ ಕೆರೆ? ಇಷ್ಟು ದೊಡ್ಡದು ಅಗೆಸಿದಾನಲ್ಲ, ದನ ಎಷ್ಟಿವೆಯೋ!" ಅಂದ. ನಗಬೇಕೋ ಬೇಡವೋ ತಿಳಿಯದೆ ನಕ್ಕೆ. ದಿನಾ ಬೆಳಗಿನ ಜಾವ ಗಂಟೆ ಆಡುತ್ತಿತ್ತು. ಎದ್ದು ಹೋಗಿ ಕೈ ಹಿಡಿದು, "ಇನ್ನೂ ಹೊತ್ತಾಗಿಲ್ಲ, ಮಲ್ಕೋ," ಅನ್ನುತ್ತಿದ್ದೆ. ಮಲಗುತ್ತಿದ್ದ.

ಮಿಲ್ವಾಕಿ ಸ್ಟೇಡಿಯಂನ ಬಯಲಿನಲ್ಲಿ ಗಾಡಿ ನಿಲ್ಲಿಸಿದಾಗ ಅವನ ತಲೆ ತಿಳಿಯಾಗಿತ್ತು. ಎಲ್ಲರ ಹಾಗೆ ನಾವೂ ಗಾಡಿಯ ಹಿಂದೆ ಇದ್ದಿಲ ಒಲೆ ಹಚ್ಚಿ ಸಾಸೇಜ್ ಸುಟ್ಟು ಬನ್ನಿನೊಳಗಿಟ್ಟು ತಿಂದೆವು. ವಿಲ್ಮರ್ ಪಕ್ಕದ ಕಾರಿನವನಿಗೆ ಸಾಸಿವೆ ಗೊಜ್ಜು ಕೊಟ್ಟ. "ಇವತ್ತು ಕೊನೇತನಕ ಕೂರೋದು," ಅಂತ ಆ ಅಪರಿಚಿತನಿಗೂ ಹೇಳಿದ. "ಟ್ರಾಫಿಕ್ ಇರಲಿ, ಭೂಕಂಪ ಆಗಲಿ."

ಜಾಗ ತೋರಿಸುವ ಮುದುಕ ಬಟ್ಟೆಯಿಂದ ಕುರ್ಚಿ ಒರೆಸಿ ಕೂರಿಸಿದ. ಎದೆಯ ಮೇಲೆ ಗಾರ್ಡಿ ಅಂತ ಹೆಸರಿತ್ತು. ಆ ದಿನ ಸ್ಟೇಡಿಯಂನ ಸರಿಯುವ ಚಾವಣಿ ತೆರೆದಿತ್ತು. ಬಿಸಿಲು. ವಿಲ್ಮರ್ ಶೇಂಗಾ ಸುಲಿದು ಸಿಪ್ಪೆಯನ್ನು ಕಾಲ ಬಳಿ ಉದುರಿಸುತ್ತ, ಯಾರು ಯಾವ ಊರಿನ ಹುಡುಗ, ಯಾರಿಗೆ ಭುಜ ನೋವು, ಎಲ್ಲ ಹೇಳಿದ. ಎರಡು ವರ್ಷದಿಂದ ಅಷ್ಟು ಮಾತಾಡಿರಲಿಲ್ಲ. ಅಂಪೈರ್ ನಮ್ಮ ವಿರುದ್ಧ ಒಂದು ತೀರ್ಪು ಕೊಟ್ಟಾಗ ಎದ್ದು ನಿಂತು ಕೂಗಿದ: "ಲೋ, ನಮ್ಮ ಪರ್ಲ್ ಬಾಲ ಎತ್ತಿ ನೋಡಿದ್ರೂ ನಿನಗಿಂತ ಚೆನ್ನಾಗಿ ನೋಡ್ತಾಳೆ!"

ಮುಂದಿನ ಸಾಲಿನ ದಪ್ಪ ಮನುಷ್ಯ ಬಿಯರ್ ಚೆಲ್ಲಿಕೊಂಡು ನಕ್ಕ. "ಯಜಮಾನ್ರೇ, ಪರ್ಲ್ ಯಾರು? ಮನೆಯವರಾ?"

"ಮನೆಯವಳು ಇವಳು. ಪರ್ಲ್ ಹಾಲು ಕೊಡ್ತಾಳೆ, ಇವಳು ಬೈಗುಳ ಕೊಡ್ತಾಳೆ."

ನಾನು ತೊಡೆಗೊಂದು ಬಿಟ್ಟೆ. ಆ ಐದು ಇನ್ನಿಂಗ್ಸ್ ನನ್ನ ಗಂಡ ನನ್ನ ಪಕ್ಕದಲ್ಲಿದ್ದ. ಅದಾದ ಮೇಲೆ ಅವನು ಹಾಗೆ ಇರಲೇ ಇಲ್ಲ.

ಆರನೇ ಇನ್ನಿಂಗ್ಸ್‌ನಲ್ಲಿ ಸಾಸೇಜ್‌ಗಳು ಓಡಿದವು.

ಅವನು ಎದ್ದ. ಮೈಮೇಲಿನ ಸಿಪ್ಪೆ ಒರೆಸಿಕೊಂಡ. "ಏಳೇ."

"ಕೂತ್ಕೋ ವಿಲ್ಮರ್. ಇವತ್ತು ಏಳೋದಿಲ್ಲ."

"ದನ ಕೂಗ್ತಿರ್ತವೆ."

"ದನ ಇಲ್ಲ. ಮಾರಿದೀವಿ."

ಹೇಳಿದ ತಕ್ಷಣ ಗೊತ್ತಾಯಿತು, ಅದು ಅವನಿಗೆ ಆಗ ತಾನೇ ಬಿದ್ದ ಸುದ್ದಿ ಅಂತ. "ಮಾರಿದ್ಯಾ? ಪರ್ಲ್‌ನೂ? ಯಾರನ್ನ ಕೇಳಿ ಮಾರಿದೆ?"

"ಕೂತ್ಕೊಳಯ್ಯೋ ತಾತ, ಆಟ ಕಾಣಲ್ಲ!" ಅಂತ ಹಿಂದಿನಿಂದ ಯಾರೋ ಕೂಗಿದರು. ಇನ್ನೊಬ್ಬ, "ಟ್ರಾಫಿಕ್ ತಪ್ಪಿಸೋಕೆ ಈಗ್ಲೇ ಹೊರಟ ನೋಡು," ಅಂದ. ದಪ್ಪ ಮನುಷ್ಯ ಮಾತ್ರ ತಿರುಗಿ ನೋಡಿ ನಗು ನಿಲ್ಲಿಸಿದ. ವಿಲ್ಮರ್ ಸಾಲಿನವರ ಮೊಣಕಾಲುಗಳನ್ನು ತಳ್ಳಿಕೊಂಡು ಮೆಟ್ಟಿಲು ಹತ್ತಿದ. ನಾನು ಹಿಂದೆ ಓಡಿದೆ.

ಮೇಲೆ ಗಾರ್ಡಿ ಅಡ್ಡ ನಿಂತ. "ಯಜಮಾನ್ರೇ, ಹೊರಗೆ ಹೋದ್ರೆ ಇದೇ ಟಿಕೆಟ್‌ನಲ್ಲಿ ಮತ್ತೆ ಒಳಗೆ ಬಿಡಲ್ಲ."

"ಬಿಡಬೇಡ. ನನಗೆ ಹಾಲು ಕರೆಯೋದಿದೆ."

ಗಾರ್ಡಿ ನನ್ನ ಮುಖ ನೋಡಿದ. ಅರ್ಥವಾಯಿತು ಅಂತ ಕಾಣುತ್ತದೆ. ದನಿ ಇಳಿಸಿ, "ನಮ್ಮಪ್ಪಂದೂ ಹಾಲಿನ ದನದ ಬದುಕೇ. ಹೀಗೇ ಏಳ್ತಿದ್ದ. ಅಮ್ಮಾ, ಹಗಲಿನ ಆಟಕ್ಕೆ ಯಾಕೆ ಬಂದ್ರಿ? ರಾತ್ರಿ ಆಟ ಹಾಲು ಕರೆದಾದ ಮೇಲೇ ಅಲ್ವಾ ಶುರುವಾಗೋದು?" ಅಂದ.

ನಾನು ಅಲ್ಲೇ ನಿಂತುಬಿಟ್ಟೆ. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಆಟ ನೋಡಲು ಹೋಗುವುದೆಂದರೆ ಭಾನುವಾರ ಮಧ್ಯಾಹ್ನ, ಎರಡು ಕರೆಯುವ ಹೊತ್ತಿನ ನಡುವೆ. ರಾತ್ರಿಯ ಆಟ ಪೇಟೆಯವರದ್ದು. ದನ ಹೋಗಿತ್ತು, ಕಟ್ಟಿದ ಹಗ್ಗ ನಮ್ಮ ಕೊರಳಲ್ಲೇ ಉಳಿದಿತ್ತು. ಟಿಕೆಟ್ ತೆಗೆಯುವಾಗ ರಾತ್ರಿಯ ಆಟವೆಂಬುದು ನನ್ನ ತಲೆಗೇ ಬರಲಿಲ್ಲ. ಡೆಲ್ಬರ್ಟ್‌ಗೂ ಬರಲಿಲ್ಲ, ರಾಕ್ಸಾನ್‌ಗೂ ಬರಲಿಲ್ಲ. ನಮ್ಮ ಕಡೆಯ ಯಾರಿಗೂ ಬರುತ್ತಿರಲಿಲ್ಲ.

"ನಾಳೆ ರಾತ್ರಿ ಆಟ ಇದೆ," ಅಂದ ಗಾರ್ಡಿ. "ನನ್ನ ಪಾಲಿನ ಎರಡು ಟಿಕೆಟ್ ಇದಾವೆ. ಇದೇ ಬಾಗಿಲಿಗೆ ಬನ್ನಿ. ಅವರಿಗೆ ಒಂದು ಸುಳ್ಳು ಹೇಳಿ ಅಮ್ಮಾ, ಕರೆದಾಯ್ತು ಅನ್ನಿ. ನಮ್ಮಮ್ಮ ಹಾಗೇ ಅಂತಿದ್ಲು."

ನಾನು ಅವನಿಗೆ ಥ್ಯಾಂಕ್ಸ್ ಹೇಳುವಷ್ಟರಲ್ಲಿ ವಿಲ್ಮರ್ ಹೊರಗೆ ಹೋಗಿದ್ದ.

ಆ ಬಯಲಿನಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು, ಬೆನ್ನು ನಮ್ಮ ಕಡೆಗೆ. ವಿಲ್ಮರ್ ಸಾಲಿನ ನಡುವೆ ನಡೆಯುತ್ತ ಒಂದೊಂದರ ಹಿಂಭಾಗದ ಮೇಲೂ ಅಂಗೈ ಇಟ್ಟು ಮೆಲ್ಲಗೆ ತಟ್ಟುತ್ತಿದ್ದ. ಹಸುವಿನ ಹಿಂದಿನಿಂದ ಹೋಗುವವನು ಮೊದಲು ದನಿ ಕೊಟ್ಟು ಕೈ ಇಡಬೇಕು, ಇಲ್ಲದಿದ್ದರೆ ಬೆಚ್ಚಿ ಒದೆಯುತ್ತದೆ. "ಬಾಸ್, ಬಾಸ್, ಬಂದೆ ಕಣಮ್ಮಾ, ಬಂದೆ," ಅಂತ, ನಮ್ಮ ಕಡೆ ದನಗಳನ್ನು ಕೂಗುವ ಹಾಗೆಯೇ ಹೇಳುತ್ತಿದ್ದ. ಒಂದು ಕಾರು ಕಿರುಚಿಕೊಂಡಿತು. ಅವನು ಹೆದರಲಿಲ್ಲ. "ಇವಳಿಗೆ ಕೆಚ್ಚಲು ಬಾವು ಇರಬೇಕು," ಅಂದ.

ಒಲೆ ಸುತ್ತ ಕೂತಿದ್ದ ಹುಡುಗರು ಅದನ್ನು ಫೋನಿನಲ್ಲಿ ಹಿಡಿದುಕೊಳ್ಳುತ್ತ ನಕ್ಕರು. "ಮುಚ್ಚ್ರೋ ಅದನ್ನ," ಅಂದೆ. ಮುಚ್ಚಿದರು.

"ವಿಲ್ಮರ್, ಕರೆದಾಯ್ತು," ಅಂದೆ. "ಡೆಲ್ಬರ್ಟ್ ಬಂದು ಕರೆದ."

ನಿಂತ. "ಕೆಚ್ಚಲು ಒರೆಸಿದ್ನಾ? ಅವನು ಒರೆಸಲ್ಲ, ಸೋಮಾರಿ."

"ಬಿಸಿನೀರಲ್ಲಿ ಒರೆಸಿದ. ನಾನು ನೋಡಿದೆ."

ಆಗ ಬಂದ. ಗಾಡಿ ಹತ್ತಿಸಿ ರೇಡಿಯೋ ಹಾಕಿದೆ. ಅವನು ಹಣೆಯನ್ನು ಫ್ರಿಜ್ಜಿನ ಬಾಗಿಲಿಗೆ ಒರಗಿಸಿ ಕೂತ, ಹಸುವಿನ ಪಕ್ಕೆಗೆ ಒರಗಿಸುವ ಹಾಗೆ. ಮೊದಲು ಸ್ಟೇಡಿಯಂನಿಂದ ಜನರ ಕೂಗು ಬರುತ್ತಿತ್ತು, ಸ್ವಲ್ಪ ಹೊತ್ತಾದ ಮೇಲೆ ಏನಾಯಿತು ಅಂತ ರೇಡಿಯೋ ಹೇಳುತ್ತಿತ್ತು. ನಮ್ಮವರು ಸೋತರು. ಕೊನೆಯ ಔಟ್ ಆಯಿತು. ಜಾಹೀರಾತು ಬಂತು.

"ನೋಡು," ಅಂದ ವಿಲ್ಮರ್, "ಮತ್ತೆ ಹಾಕಿಬಿಟ್ಟ."

"ನಾಳೆ ನೋಡ್ತೀಯ ಕಣೋ. ನಾಳೆ ರಾತ್ರಿ. ಕರೆದಾದ ಮೇಲೆ ಹೋಗೋಣ."

"ಕರೆದಾದ ಮೇಲಾ?" ತಲೆ ಎತ್ತಿದ. "ಅದು ಆಗುತ್ತೆ. ಹಾಗಾದ್ರೆ ಆಗುತ್ತೆ."

ಆಟದ ಸಮಯ ಸರಿಯಿದ್ದರೆ ಆಗುತ್ತಿತ್ತು. ನಾನೂ ನಂಬಿದೆ.

ಸ್ಟೇಡಿಯಂನ ಹತ್ತಿರ ಇಂಥ ಗಾಡಿಗಳಿಗೆ ಜಾಗ ಇದ್ದದ್ದು ದನಗಳ ಪ್ರದರ್ಶನ ನಡೆಯುವ ಮೈದಾನದ ಅಂಚಿನಲ್ಲಿ. ಅಲ್ಲಿ ನಿಲ್ಲಿಸಿದೆ. ಅವನು ಪರ್ಲ್‌ಳ ಗಂಟೆ ಬೇಕು ಅಂತ ಹಟ ಮಾಡಿದ. ಬಾಗಿಲಿಂದ ಬಿಚ್ಚಿ ಕೊಟ್ಟೆ. ಅದನ್ನು ಎದೆ ಮೇಲಿಟ್ಟುಕೊಂಡು ಮಲಗಿದ. ಗಂಟೆ ಅವನ ಕೈಯಲ್ಲೇ ಇದೆಯಲ್ಲ, ಎದ್ದರೆ ಕೇಳುತ್ತದೆ ಅಂದುಕೊಂಡೆ.

ಬೆಳಕು ಹರಿಯುವಾಗ ಎಚ್ಚರವಾಯಿತು. ಗಂಟೆ ಅವನ ದಿಂಬಿನ ಮೇಲಿತ್ತು, ನಾಲಗೆಗೆ ಕಾಲುಚೀಲ ಸುತ್ತಿ. ಚಳಿಗಾಲದಲ್ಲಿ ಬೇಗ ಏಳುವಾಗ ಹಾಗೇ ಮಾಡುತ್ತಿದ್ದ, ಅಲಾರಂ ಗಡಿಯಾರಕ್ಕೆ ಟವೆಲ್ ಸುತ್ತುತ್ತಿದ್ದ, ನನ್ನ ನಿದ್ದೆ ಕೆಡಬಾರದು ಅಂತ.

ಹುಡುಕಲು ದೂರ ಹೋಗಬೇಕಾಗಲಿಲ್ಲ. ಬೇಲಿಯಾಚೆ ದನದ ಕೊಟ್ಟಿಗೆಗಳಿದ್ದವು, ಉದ್ದುದ್ದ, ಖಾಲಿ. ಪ್ರದರ್ಶನಕ್ಕೆ ಇನ್ನೂ ದಿನಗಳಿದ್ದವು. ಒಳಗಿಂದ "ಬಾಸ್, ಬಾಸ್," ಅನ್ನುವುದು ಕೇಳಿತು. ಸಗಣಿ ಹರಿಯುವ ಕಾಲುವೆಗೆ ಬಿದ್ದಿದ್ದ. ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಒಂದು ಕೈಯಿಂದ ಖಾಲಿ ಗೂಟ ಹಿಡಿದುಕೊಂಡಿದ್ದ.

"ಆರ್ಡಿಸ್, ದನ ಎಲ್ಲಿ?"

"ಹುಲ್ಲಿಗೆ ಬಿಟ್ಟಿದೀನಿ."

"ಕರೆದಾಯ್ತಾ?"

"ಆಯ್ತು."

"ಹಾಗಾದ್ರೆ ಸರಿ," ಅಂದ. ಆಮೇಲೆ ನೋವಿಗೆ ಕೂಗಿದ. ಅವನು ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಹೋರಿ ತುಳಿದಾಗಲೂ.

ಸೊಂಟದ ಮೂಳೆ ಮುರಿದಿತ್ತು. ಕೂಡಿಸಿದರು. ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿತು. ಜುಲೈ ತಿಂಗಳಲ್ಲಿ ಸತ್ತ. ಆ ರಾತ್ರಿಯ ಆಟ ಏನಾಯಿತು ಅಂತ ನಾನು ಯಾರನ್ನೂ ಕೇಳಲಿಲ್ಲ.

ನಮ್ಮಲ್ಲಿ ಹೆಣ ಹೂಳುವುದೂ ಎರಡು ಕರೆಯುವುದರ ನಡುವೆಯೇ. ಹನ್ನೊಂದಕ್ಕೆ ಪ್ರಾರ್ಥನೆ, ಆಮೇಲೆ ಚರ್ಚಿನ ನೆಲಮನೆಯಲ್ಲಿ ಹಂದಿಮಾಂಸದ ಬನ್ನು, ಆಲೂಗಡ್ಡೆ, ಕಾಫಿ. ಹೆಂಗಸರು ನನ್ನ ಕೈ ಹಿಡಿದು, "ಕೊನೆಗಾದ್ರೂ ಅವನಿಗೊಂದು ಪೂರ್ತಿ ಆಟ ತೋರಿಸಿದ್ಯಲ್ಲ ಆರ್ಡಿಸ್, ಅದೇ ಸಮಾಧಾನ," ಅಂದರು.

"ಇಲ್ಲ," ಅಂದೆ. "ತೋರಿಸಲಿಲ್ಲ." ಅವರು ಕಾಫಿ ತರಲು ಹೋದರು.

ಮೂರು ದಾಟಿದಾಗ ಡೆಲ್ಬರ್ಟ್ ಟೋಪಿ ಕೈಯಲ್ಲಿ ಹಿಡಿದು ಬಂದು ನಿಂತ.

"ಹೇಳು," ಅಂದೆ.

"ಸಾಸೇಜ್ ಓಡಿದ್ವು ಆರ್ಡಿಸ್," ಅಂದ. ಅಳುತ್ತ ಹೊರಟುಹೋದ, ಪರ್ಲ್‌ಳನ್ನು ಕರೆಯಲು.

ಸೆಪ್ಟೆಂಬರ್‌ನಲ್ಲಿ ನಾನೊಬ್ಬಳೇ ಗಾಡಿ ತೆಗೆದುಕೊಂಡು ಹೋದೆ. ರಾತ್ರಿ ಆಟಕ್ಕೆ. ಅದೇ ಬಾಗಿಲು. ಗಾರ್ಡಿ ನನ್ನ ಹಿಂದೆ ನೋಡಿದ, ಯಾರೂ ಇಲ್ಲ. ಎರಡು ಕುರ್ಚಿ ಒರೆಸಿದ. ಒಂದರಲ್ಲಿ ಕೂತೆ. ಆಟ ನೋಡಲಿಲ್ಲ, ಕಾದೆ. ಸಾಸೇಜ್‌ಗಳು ಓಡಿದಾಗ ನನ್ನ ಕಾಲುಗಳು ತಾವೇ ಎದ್ದವು. ಕುರ್ಚಿಯ ಕೈ ಹಿಡಿದು ಕೂತೆ.

ಕೊನೆಯ ಔಟ್ ಆಯಿತು. ಗೆದ್ದವರು ಸಾಲಾಗಿ ಬಂದು ಒಬ್ಬರ ಅಂಗೈ ಒಬ್ಬರು ತಟ್ಟಿದರು. ಸೋತವರು ಟೋಪಿ ತೆಗೆಯಲಿಲ್ಲ, ಅಳಲಿಲ್ಲ. ಕೈಗವಸು ಎತ್ತಿಕೊಂಡು ಮೆಟ್ಟಿಲಿಳಿದು ಹೋದರು. ಒಬ್ಬ ಮಾತ್ರ ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಿದ್ದ, ಆಮೇಲೆ ಅವನೂ ಹೋದ. ಜನರೆಲ್ಲ ಬೆನ್ನು ತಿರುಗಿಸಿ ಮೆಟ್ಟಿಲು ಹತ್ತುತ್ತಿದ್ದರು. ಆಗ ಕೆಲಸದವರು ನಾಲ್ಕೈದು ಜನ ಹಲುಬೆ ಹಿಡಿದು ಬಂದರು. ಚೆಂಡು ಎಸೆಯುವವನ ಕಾಲು ತೋಡಿದ ಗುಂಡಿಗೆ ಜೇಡಿ ತುಂಬಿ ಕುಟ್ಟಿದರು. ಮಣ್ಣು ಎಳೆದು ಸಮ ಮಾಡಿದರು. ಪೈಪು ಬಿಚ್ಚಿ ನೀರು ಹೊಡೆದರು, ಹಿಂದಕ್ಕೆ ಹೆಜ್ಜೆಯಿಡುತ್ತ, ತುಳಿದ ಗುರುತು ಉಳಿಯದ ಹಾಗೆ. ಕರೆದಾದ ಮೇಲೆ ವಿಲ್ಮರ್ ಕೊಟ್ಟಿಗೆ ತೊಳೆಯುತ್ತಿದ್ದದ್ದೂ ಹಾಗೆಯೇ.

"ಇಷ್ಟೇನಾ?" ಅಂತ ಗಾರ್ಡಿಯನ್ನು ಕೇಳಿದೆ.

"ಇಷ್ಟೇ ಅಮ್ಮಾ. ಏಳಿ, ಸಿಪ್ಪೆ ಗುಡಿಸೋರು ಬಂದ್ರು."

ಗಾಡಿಗೆ ಬಂದು ಕೂತೆ. ಪಕ್ಕದ ಸೀಟಿಗೆ ಜೋರಾಗಿಯೇ ಹೇಳಿದೆ. "ಗುಡಿಸಿ ನೀರು ಹೊಡೀತಾರೆ ಕಣೋ. ಅಷ್ಟೇ." ಕೀಲಿ ತಿರುಗಿಸಿದಾಗ ರೇಡಿಯೋ ತಾನಾಗಿ ಹತ್ತಿತು. ಜಾಹೀರಾತು ಬರುತ್ತಿತ್ತು.